ಚಿಗಳಿ ತಿಂದ ಮಧ್ಯಾಹ್ನ

ಎಳ್ಳು ಹುರಿಯುವ ವಾಸನೆ ಬಂದರೆ ಇವತ್ತಿಗೂ ನನ್ನ ಕಾಲು ಒಂದೆಡೆ ನಿಲ್ಲುವುದಿಲ್ಲ.

ನಮ್ಮೂರು ಚಿನಕುರಳಿಯಲ್ಲಿ ನಾನು ಮೈನೆರೆದ ವಾರ. ಮನೆಯ ಮೂಲೆಯಲ್ಲಿ ಚಾಪೆಯ ಮೇಲೆ ಕೂರಿಸಿದ್ದರು. ಅಜ್ಜಿ ಎಳ್ಳು ಬೆಲ್ಲ ಕುಟ್ಟಿ, ತುಪ್ಪ ಜಿನುಗುವ ಚಿಗಳಿ ಉಂಡೆ ಕಟ್ಟಿ, ಮುಟ್ಟದೆ ಮೇಲಿನಿಂದ ನನ್ನ ಅಂಗೈಗೆ ಹಾಕುತ್ತಿದ್ದಳು. ಅದುವರೆಗೆ ತುಪ್ಪ, ಮೊಟ್ಟೆ ಎಲ್ಲ ಅಣ್ಣನ ತಟ್ಟೆಗೇ. "ಆಡೋ ಹುಡ್ಗ" ಎನ್ನುತ್ತಿದ್ದಳು ಅವ್ವ. ಶಾಲೆಯಲ್ಲಿ ನಾನೂ ಖೋ ಖೋ ಆಡುತ್ತಿದ್ದೆ. ಅದು ಯಾರ ಲೆಕ್ಕಕ್ಕೂ ಇರಲಿಲ್ಲ.

ಬೀದಿಯಲ್ಲಿ ಅಣ್ಣನ ಚೆಂಡಿನ ಸದ್ದು ಕೇಳುತ್ತಿತ್ತು. ತಡೆಯಲಾರದೆ ಕೇಳಿದೆ: "ಅವ್ವಾ, ಸೋಮವಾರದಿಂದ ಆಟಕ್ಕೋಗ್ಲಾ?"

"ಇನ್ನೇನ್ ಆಟನೇ? ದೊಡ್ಡೋಳಾದೆ. ಸ್ಕೂಲಿಂದ ನೆಟ್ಗೆ ಮನೆಗ್ ಬಾ," ಎಂದಳು ಅವ್ವ.

ಕಚ್ಚಿದ ಉಂಡೆಯನ್ನು ಚಾಪೆಯ ಅಂಚಿಗಿಟ್ಟೆ. ಅಜ್ಜಿ ಜಿಡ್ಡುಗೈಯನ್ನು ಸೆರಗಿಗೆ ಒರೆಸಿಕೊಂಡು ಅವ್ವನತ್ತ ತಿರುಗಿದಳು.

"ಸೊಂಟ ಗಟ್ಟಿ ಆಗ್ಲಿ ಅಂತ ತಾನೆ ಇಷ್ಟೆಲ್ಲ ತಿನ್ಸೋದು? ತಿನ್ಸಿ ಮೂಲೇಲಿ ನಿಲ್ಸಕ್ಕೆ ಇವ್ಳೇನು ಒನಕೆಯಾ? ಓಡ್ಲಿ ಬುಡು."

ಅವ್ವ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಣ್ಣನ ಹಳೇ ಆಟದ ಪ್ಯಾಂಟು ಹಿಡಿದು ಬಂದು, ದೂರದಿಂದಲೇ ನನ್ನೆದುರು ಎತ್ತಿ ಅಳತೆ ನೋಡಿದಳು.

"ಉದ್ದ ಆಯ್ತದೆ," ಎಂದಳು. "ಮಡಿಸಿ ಒಲ್ದು ಕೊಡ್ತೀನಿ."