ಗಿರಣಿ ಮಾಲೀಕನ ಕೃಪೆ

"ನಮ್ಮಮ್ಮ ನಾಳೆ ಇಲ್ಲಿಗೆ ಬರೋದು ಬೇಡ ಅನ್ನೋದಾದ್ರೆ, ಗಿರಣಿ ಮಾಲೀಕನ್ನ ಕೊಂದಿದ್ದು ಯಾರು ಅಂತ ಈಗಲೇ ಹೇಳಿಬಿಡ್ತೀನಿ ಅತ್ತೆ" ಎಂದಳು ಸೊಸೆ.

ಅತ್ತೆ ತಟ್ಟನೆ ಎರಡೂ ಕಿವಿ ಮುಚ್ಚಿಕೊಂಡರು. ಮಾಲೀಕ ಸತ್ತಿದ್ದು ವಾರಪತ್ರಿಕೆಯ ಪತ್ತೇದಾರಿ ಧಾರಾವಾಹಿಯಲ್ಲಿ, ಒಳಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ. ಸೊಸೆ ಅದೇ ಪತ್ರಿಕೆಯಲ್ಲಿ ಕರಡು ತಿದ್ದುವವಳು. ಪ್ರತಿ ಕಂತಿನ ಕೊನೆಗೆ ಲೇಖಕರು ಉದ್ದಕ್ಕೆ ಸುರಿಯುವ ಚುಕ್ಕಿಗಳನ್ನು ಮೂರಕ್ಕೆ ಇಳಿಸುವುದು ಅವಳ ಕೆಲಸ. ಆ ಮೂರು ಚುಕ್ಕಿಗಳನ್ನು ನಂಬಿಕೊಂಡು ಮುಂದಿನ ವಾರದವರೆಗೆ ಜೀವ ಹಿಡಿದುಕೊಂಡಿರುವುದು ಅತ್ತೆಯ ಕೆಲಸ.

ಸೊಸೆಯ ತಾಯಿ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದರು. ನಾಳೆ ಆಸ್ಪತ್ರೆಯಿಂದ ಬಿಡುಗಡೆ. ಅವರ ಬಾಡಿಗೆ ಕೋಣೆ ಇರುವುದು ಮೂರನೇ ಮಹಡಿಯಲ್ಲಿ, ಪ್ಲಾಸ್ಟರ್ ಕಾಲಿನಲ್ಲಿ ಹತ್ತುವ ಹಾಗಿಲ್ಲ. "ಇದೇನು ಮನೆಯಾ, ಛತ್ರವಾ?" ಎಂದು ಅತ್ತೆ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಿದ್ದರು. ಕಾಗದದ ಮೇಲಿನ ಹೆಣಕ್ಕೆ ವಾರಗಟ್ಟಲೆ 'ಅಯ್ಯೋ ಪಾಪ' ಎಂದ ಬಾಯಿಯೂ ಅದೇ. ಆದರೆ ಹೆಣ ಊಟ ಕೇಳುವುದಿಲ್ಲ, ಕಕ್ಕಸಿಗೆ ಕೈಹಿಡಿದು ಕರೆದುಕೊಂಡು ಹೋಗು ಎನ್ನುವುದಿಲ್ಲ. ಮರುಕಪಡುವುದಕ್ಕೆ ಅದಕ್ಕಿಂತ ಅನುಕೂಲದ ಜನ ಸಿಗುವುದು ಕಷ್ಟ. ಇನ್ನು ಗಂಡ ಎನ್ನುವವನು, ತಾನು ಅಮ್ಮನ ಕಡೆಯೂ ಅಲ್ಲ, ಹೆಂಡತಿಯ ಕಡೆಯೂ ಅಲ್ಲ ಎಂದು ತೋರಿಸಲು ಟವೆಲ್ ಹಿಡಿದು ಸ್ನಾನಕ್ಕೆ ಹೋಗಿದ್ದ.

"ಹೇಳ್ಲಾ ಅತ್ತೆ? ಎರಡನೇ ಹೆಂಡ್ತಿನಾ, ಡ್ರೈವರಾ..."

"ಬೇಡ ಕಣೇ, ನಿನ್ನ ದಮ್ಮಯ್ಯ." ಅತ್ತೆಯ ದನಿ ಇಳಿಯಿತು. "ನಾಳೆ ಏನು ಅಡುಗೆ ಅಂತ ಗೊತ್ತು. ಮಂಡಿನೋವು ಯಾವ ಹೊತ್ತಿಗೆ ಶುರುವಾಗುತ್ತೆ ಅಂತ ಗೊತ್ತು. ಏನು ಕೇಳಿದ್ರೂ ನನ್ನ ಮಗ 'ನೋಡೋಣ' ಅಂತಾನೆ ಅನ್ನೋದೂ ಗೊತ್ತು. ನನಗೆ ಗೊತ್ತಿಲ್ಲದ್ದು ಅಂತ ಉಳಿದಿರೋದು ಇದೊಂದೇ. ಅದನ್ನೂ ಕಿತ್ಕೋಬೇಡ."

ಸೊಸೆ ಇನ್ನೇನು ಸೋಲುವವಳಿದ್ದಳು. ಆದರೆ ಅಮ್ಮನ ಕಾಲು ನೆನಪಾಯಿತು. "ಹಾಗಾದ್ರೆ ಕರ್ಕೊಂಡು ಬರ್ಲಾ?"

"ಬರಲಿ. ಕಥೆ ಮುಗಿಯೋವರೆಗೂ ಇರಲಿ. ಮುಗಿದ ಮೇಲೆ ನೀನು ಹೆದರಿಸೋಕೂ ಏನಿರಲ್ಲ, ನಾನು ಹೆದರೋಕೂ ಏನಿರಲ್ಲ." ಇಷ್ಟು ವರ್ಷ ಕೊಲೆಗಾರರ ಸಹವಾಸದಲ್ಲಿ ಪಳಗಿದ ಹೆಂಗಸಿಗೆ ಒಪ್ಪಂದ ಹೇಗೆ ಮಾಡಿಕೊಳ್ಳಬೇಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಸಲಿಗೆ ಕೊಂದವರು ಯಾರೆಂದು ಸೊಸೆಗೆ ಗೊತ್ತೇ ಇರಲಿಲ್ಲ. ಬರೆಯುವ ಮಹಾಶಯರಿಗೂ ಗೊತ್ತಿರಲಿಲ್ಲ. ಪುಟ ಅಚ್ಚಿಗೆ ಹೋಗುವ ಹೊತ್ತಿಗೆ ಅವರು ಫೋನ್ ಮಾಡಿ, ಹೋದ ವಾರ ಯಾರ ಮೇಲೆ ಅನುಮಾನ ಬರಿಸಿದ್ದೆ ಎಂದು ಇವಳನ್ನೇ ಕೇಳಿ, ಇನ್ನೊಬ್ಬರ ಮೇಲೆ ಬರಿಸಿ ಕಳಿಸುತ್ತಿದ್ದರು. ಓದುಗರು ಅದನ್ನು ಊಹೆಗೆ ನಿಲುಕದ ತಿರುವು ಎಂದು ಕೊಂಡಾಡುತ್ತಿದ್ದರು.

ತಾಯಿ ಬಂದು ನಡುಮನೆಯ ದಿವಾನ್ ಮೇಲೆ ಕಾಲು ಚಾಚಿ ಮಲಗಿದರು. ಬೀಗಿತ್ತಿಯ ದಿಂಬು ಸರಿಮಾಡುವಾಗೆಲ್ಲ ಅತ್ತೆ, "ಕಥೆ ಇನ್ನೇನು ಮುಗಿಯೋ ಹಾಗಿದೆ" ಎಂದು ನಯವಾಗಿ ಹೇಳುತ್ತಿದ್ದರು.

ಆ ವಾರವೂ ಲೇಖಕರ ಫೋನ್ ಬಂತು. "ನೋಡಮ್ಮಾ, ನನಗೂ ಸಾಕಾಗಿದೆ. ಮಾಲೀಕನಿಗೆ ವಿಷ ಕೊಟ್ಟಿದ್ದು ಅವನ ಡಾಕ್ಟರೇ ಅಂತ ಪೊಲೀಸರ ಕೈಲಿ ಹಿಡಿಸಿ, ಈ ಕಂತಲ್ಲೇ ಮುಗಿಸಿಬಿಡ್ತೀನಿ. ಏನಂತೀಯ?"

ಸೊಸೆ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಬೇಡ ಸಾರ್. ನಮ್ಮಮ್ಮ ಇನ್ನೂ ಎದ್ದು ಓಡಾಡ್ತಿಲ್ಲ. ಡಾಕ್ಟರನ್ನೂ ಸಾಯಿಸಿಬಿಡಿ."