ಮಗು ಅಳಬೇಕು

ಅಫಿಕಾ ಅರಿಶಿನದ ಎಲೆ ಕೇಳಿದ್ದರೆ ಕೌಸಲ್ಯಾ ಮರುಮಾತಿಲ್ಲದೆ ಕೊಯ್ದು ಕೊಡುತ್ತಿದ್ದಳು. ಅವಳ ಕಾರಿಡಾರಿನ ಕುಂಡದ ಎಲೆ ಪಕ್ಕದ ಮನೆಯ ಅಡುಗೆಗೆ ಹೋಗುವುದು ಮಾಮೂಲು. ಆದರೆ ಆವತ್ತು ಕೇಳಿದ್ದು ಹಸಿ ಕೊಂಬು, ಅದೂ ಕಿರುಬೆರಳಿಗಿಂತ ಸಣ್ಣದು. ಎಳೆಗೂಸಿರುವ ಮನೆ, ಎಣ್ಣೆ ಅರಿಶಿನ ಹಚ್ಚಿ ನೀರೆರೆಯುತ್ತಾರೇನೋ ಎಂದುಕೊಂಡಳು ಮೈಸೂರಿನ ಕೌಸಲ್ಯಾ. ಕೊಂಬು ಕಿತ್ತು, ತೊಳೆದು, ಹೇಗೆ ಅರೆಯಬೇಕೆಂಬ ಉಪದೇಶವನ್ನೂ ಪುಕ್ಕಟೆಯಾಗಿ ಸೇರಿಸಿ ಕೊಟ್ಟಳು. ಅಫಿಕಾ ಎಲ್ಲವನ್ನೂ ಕೇಳಿಸಿಕೊಂಡು, ಇದು ಅರೆಯುವುದಕ್ಕಲ್ಲ, ಕೊಯ್ಯುವುದಕ್ಕೆ ಎಂದಳು.

ಬಾಗಿಲಲ್ಲೇ ನಿಂತು ಅವಳು ಎಲ್ಲವನ್ನೂ ಬಿಡಿಸಿ ಹೇಳಿದಳು. ಅಫಿಕಾಳ ಮನೆತನದಲ್ಲಿ ಹೆಣ್ಣುಮಗುವಿಗೂ ಸುನ್ನತಿ ಮಾಡುವ ವಾಡಿಕೆ. ಚೂರೇ ಚೂರು, ಅಕ್ಕಿಕಾಳಿನಷ್ಟು ಎನ್ನುತ್ತಾರೆ. ಎಲ್ಲಿ ಎಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ಬೇಡವೆಂದು ಟೋವಾ ಪಾಯೋ ಬಡಾವಣೆಯ ಆ ವಸತಿ ಬ್ಲಾಕುಗಳ ಮಲಯ್ ತಾಯಂದಿರೇ ಗುಂಪು ಕಟ್ಟಿಕೊಂಡಿದ್ದರು. ಹೆಣ್ಣು ಹುಟ್ಟಿದ ಮನೆಗೆ ಹೋಗಿ, ಚಹಾ ಕುಡಿದು, ಅಜ್ಜಿಯರನ್ನು ಒಲಿಸಿ, ಪ್ರಾರ್ಥನೆಯೂ ಹಳದಿ ಅನ್ನವೂ ಇರಲಿ, ಚೂರಿ ಮಾತ್ರ ಅರಿಶಿನದ ಕೊಂಬನ್ನು ಕೊಯ್ಯಲಿ ಎಂದು ಒಪ್ಪಿಸುತ್ತಿದ್ದರು. ಅವರ ಮುಂದಾಳು ಈ ಅಫಿಕಾ. ಊರಿಗೆಲ್ಲ ಬುದ್ಧಿ ಹೇಳಿದವಳಿಗೆ ಸ್ವಂತ ಅತ್ತೆಯೇ ಬಗ್ಗಲಿಲ್ಲ. ನೀನು ಆಫೀಸಿಗೆ ಹೋದ ದಿನ ನಾನೇ ಮಗುವನ್ನು ಕ್ಲಿನಿಕ್ಕಿಗೆ ಎತ್ತಿಕೊಂಡು ಹೋಗುತ್ತೇನೆ ಎಂದಿದ್ದಳು ಅತ್ತೆ ರೊಕಿಯಾ. ಟುವಾಸ್‌ನಲ್ಲಿ ಪಾಳಿಕೆಲಸದ ಗಂಡ, ಇದು ಹೆಂಗಸರ ವಿಷಯವೆಂದು ಕೈತೊಳೆದುಕೊಂಡಿದ್ದ. ಕೊನೆಗೆ ಅಫಿಕಾ ಸೋತವಳಂತೆ ನಟಿಸಿ, ಕ್ಲಿನಿಕ್ ಬೇಡ, ನೀವು ಎಳೆಗೂಸಾಗಿದ್ದಾಗ ನಿಮಗೆ ಮಾಡಿದ ಸೂಲಗಿತ್ತಿಯೇ ಬರಲಿ ಎಂದಳು. ಆ ಮುದುಕಿಗೆ ಈಗ ಕಣ್ಣು ಕಾಣುವುದಿಲ್ಲ.

ಕೌಸಲ್ಯಾ ಗಂಡನಿಗೆ ಫೋನ್ ಮಾಡಿದಳು. ಗಿರಿಧರ್ ಬ್ಯೂನಾ ವಿಸ್ಟಾದ ಆಫೀಸಿನಲ್ಲಿ ದನಿ ತಗ್ಗಿಸಿ, “ನಮಗ್ಯಾಕೆ ಬೇಕು ಇದೆಲ್ಲ? ತುಂಬಾ ಸೆನ್ಸಿಟಿವ್ ಮ್ಯಾಟರ್. ಈ ದೇಶದಲ್ಲೇ ನೆಲೆಸೋಕೆ ಹಾಕಿದ ನಮ್ಮ ಪಿಆರ್ ಅರ್ಜಿ ಬೇರೆ ಪೆಂಡಿಂಗ್ ಇದೆ,” ಎಂದ.

“ನನಗೇನೂ ದೊಡ್ಡ ಕೆಲಸ ಹೇಳಿಲ್ಲ ಕಣ್ರೀ. ಅವರತ್ತೇನ ಐದು ನಿಮಿಷ ಕಿಚನ್‌ನಲ್ಲಿ ಎಂಗೇಜ್ ಮಾಡಬೇಕು, ಅಷ್ಟೇ.”

ಮಧ್ಯಾಹ್ನ ಮುದುಕಿಯನ್ನು ಯಾರೋ ಲಿಫ್ಟಿನವರೆಗೆ ತಂದು ಬಿಟ್ಟರು. ಅಲ್ಲಿಂದ ಒಬ್ಬಳೇ ಬಂದಳು, ಗೋಡೆಯನ್ನೂ ಮುಟ್ಟದೆ. ಚಾಪೆಯ ಮೇಲೆ ಕೂತವಳು ಯಾರೂ ತೋರಿಸದಿದ್ದರೂ ಮಗುವಿನ ಕಡೆಗೇ ಮುಖ ತಿರುಗಿಸಿದಳು. ಅವಳ ಹೆಬ್ಬೆರಳು ತೋರುಬೆರಳು ಏನನ್ನೋ ಹಿಡಿದಿರುವ ಹಾಗೆ ಒಂದನ್ನೊಂದು ಉಜ್ಜುತ್ತಲೇ ಇದ್ದವು. ಕೌಸಲ್ಯಾಳ ಮಣಿಕಟ್ಟು ಸವರಿ, ಇವಳು ನನ್ನ ಕೈಗೆ ಬಂದವಳಲ್ಲ ಎಂದು ಬಿಟ್ಟುಬಿಟ್ಟಳು. ನೆರೆಹೊರೆಯಿಂದ ಕಿವಿಗೆ ಬಿದ್ದಿದ್ದ ಮಲಯ್ ಅಷ್ಟನ್ನು ತಿಳಿಯಲು ಸಾಕಾಗಿತ್ತು. ಕೌಸಲ್ಯಾಳಿಗೆ ಆ ಮಣಿಕಟ್ಟನ್ನು ತೊಳೆದುಕೊಳ್ಳಬೇಕೆನಿಸಿತು.

ಅಡುಗೆಮನೆಯಲ್ಲಿ ಅವಳು ಹಳದಿ ಅನ್ನದ ಬಗ್ಗೆ ಮೇಲಿಂದ ಮೇಲೆ ಪ್ರಶ್ನೆ ಹಾಕಿದಳು. ರೊಕಿಯಾ ತೆಂಗಿನಹಾಲು ಸುರಿಯುತ್ತಾ ಸಾವಧಾನವಾಗಿ ಹೇಳಿಕೊಡುತ್ತಿದ್ದವಳು ತಟ್ಟನೆ ನಿಲ್ಲಿಸಿದಳು. “ಬಂದೆ,” ಎಂದಳು. ಯಾರೂ ಕರೆದಿರಲಿಲ್ಲ. ಕೌಸಲ್ಯಾ ಅಡ್ಡ ಬರುವಷ್ಟರಲ್ಲಿ ಅವಳು ಚಾಪೆಯ ಬಳಿ ನಿಂತಾಗಿತ್ತು.

ಅಫಿಕಾ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಮುದುಕಿಯ ಬೆರಳನ್ನು ಕೊಂಬು ಅಡಗಿಸಿಟ್ಟಿದ್ದ ಬಟ್ಟೆಯ ಮಡಿಕೆಯೊಳಕ್ಕೆ ತಾನೇ ನಡೆಸಿದಳು. ಪುಟ್ಟ ಚೂರಿ ಒಮ್ಮೆ ಆಡಿತು. ಬಿಳಿ ಬಟ್ಟೆಯ ಮೇಲೆ ಹಳದಿ ಕಲೆ ಮೂಡಿತು. ಅದನ್ನು ರೊಕಿಯಾ ನೋಡಿದಳು, ಅವಳು ನೋಡಿದ್ದನ್ನು ಅಫಿಕಾ ನೋಡಿದಳು. ಮಗು ನಿದ್ದೆಯಲ್ಲೇ ತುಟಿ ಚಪ್ಪರಿಸಿತು.

“ಮಗು ಅಳಲೇ ಇಲ್ಲವಲ್ಲ,” ಎಂದಳು ಮುದುಕಿ.

ಅವಳ ಬೆರಳು ಚೂರಿಯ ಅಲಗನ್ನು ಸವರಿ ನೋಡಿತು.

“ನನ್ನ ಕೈಲಿ ಅಳದೆ ಇದ್ದ ಮಗು ಇಲ್ಲ. ಚೂರಿ ತಾಗಿಲ್ಲ. ಬಟ್ಟೆ ತೆಗಿ, ಇನ್ನೊಂದು ಸಲ ಮಾಡ್ತೀನಿ.”

ಒಂದು ಚಿವುಟು ಸಾಕಿತ್ತು. ಚಿವುಟೇ, ಚಿವುಟು ಎಂದು ಕೌಸಲ್ಯಾ ಮನಸ್ಸಿನಲ್ಲೇ ಬೇಡಿಕೊಂಡಳು. ಅಫಿಕಾಳ ಬೆರಳು ಮಗುವಿನ ತೊಡೆಯವರೆಗೆ ಹೋಯಿತು, ಅಲ್ಲೇ ನಿಂತಿತು. ಅವಳಿಂದ ಅಷ್ಟೂ ಆಗಲಿಲ್ಲ. ಮುದುಕಿ ತಾನೇ ಬಟ್ಟೆ ಎಳೆಯತೊಡಗಿದಳು. ಆಗ ರೊಕಿಯಾ ಬಾಯಿ ತೆರೆದಳು. ಮುಗಿಯಿತು, ಇವಳು ಎಲ್ಲವನ್ನೂ ಹೇಳಿಬಿಡುತ್ತಾಳೆ ಎಂದುಕೊಂಡಳು ಕೌಸಲ್ಯಾ.

ಬಂದದ್ದು ಮಾತಲ್ಲ, ಅಳು. ದೊಡ್ಡವರ ಅಳುವಲ್ಲ, ದೊಡ್ಡವರು ಮಕ್ಕಳನ್ನು ಅಣಕಿಸುವ ಅಳುವೂ ಅಲ್ಲ. ಹಲ್ಲಿಲ್ಲದ ಬಾಯಿಯಿಂದ ಬರುವ, ನಡುವೆ ಉಸಿರು ಕಟ್ಟಿ ಮತ್ತೆ ಕಿತ್ತುಕೊಂಡು ಬರುವ ಎಳೆಗೂಸಿನ ಅಳು. ಅಜ್ಜಿಯಾದ ಹೆಂಗಸಿನ ಗಂಟಲಿನಿಂದ ಅದು ಬರುತ್ತಿತ್ತು. ರೊಕಿಯಾ ತನ್ನ ಕತ್ತನ್ನು ತಾನೇ ಹಿಡಿದುಕೊಂಡು ಗಾಬರಿಯಿಂದ ಸುತ್ತ ನೋಡಿದಳು, ಯಾರದೀ ದನಿ ಎಂದು ಕೇಳುವವಳಂತೆ. ಅಳು ನಿಲ್ಲಲಿಲ್ಲ.

ಮುದುಕಿಯ ಮುಖ ತಿಳಿಯಾಯಿತು. ದೇವರ ಹೆಸರು ಹೇಳಿ ಚೂರಿ ಒರೆಸಿದಳು. ಅಫಿಕಾ ನಿದ್ದೆಯಲ್ಲಿದ್ದ ಮಗುವನ್ನು ಕೌಸಲ್ಯಾಳ ಕೈಗಿತ್ತು, ಕುಸಿದು ಕೂತ ಅತ್ತೆಯ ತಲೆಯನ್ನು ಮಡಿಲಿಗೆ ಎಳೆದುಕೊಂಡು ತಟ್ಟತೊಡಗಿದಳು. ಎಷ್ಟು ತಟ್ಟಿದರೂ ಆ ದನಿ ಅಡಗಲಿಲ್ಲ. ಮುದುಕಿ ಚೀಲಕ್ಕೆ ಗಂಟು ಹಾಕುತ್ತಾ ಅಕ್ಕರೆಯಿಂದ ಹೇಳಿದಳು:

“ಹಾಲು ಕೊಡಮ್ಮ, ಸುಮ್ಮನಾಗ್ತಾಳೆ.”