ಮುಚ್ಚಿದ ಬಿರುಕು

ತೀರಿಹೋದ ಮಗನ ಕಚೇರಿಯ ಮೇಜು ಹಾಗೆಯೇ ಇತ್ತು. ಕಂಪ್ಯೂಟರ್ ಪರದೆಯ ಮೇಲಿನ ತೆಳು ಧೂಳಿನಲ್ಲಿ ಇಳಿಬಿಸಿಲು ಅಲುಗದೆ ಮಲಗಿತ್ತು. ಅದರ ಮುಂದೆ ನಿಂತ ತಂದೆ ಎಂಜಿನಿಯರ್ ಹುಡುಗಿಗೆ ಹೇಳಿದರು:

“ಈ ಕಂಪ್ಯೂಟರಿನ ತಿರುಳು ತಂತ್ರಾಂಶ, ಅದೇ ಕರ್ನಲ್‌ನ ನೆಟ್‌ವರ್ಕ್ ಭಾಗದಲ್ಲಿ ಅವನು ಕಂಡುಕೊಂಡಿದ್ದ ಬಿರುಕಿನಿಂದ ಅವನ ಖಾತೆಯೊಳಗೆ ಹೊಕ್ಕು, ಅನ್ನ ಬಿಟ್ಟಿದ್ದ ಅವನ ತಾಯಿಗೆ ಅವನ ಹೆಸರಲ್ಲಿ ಬರೆಯುತ್ತಿದ್ದವನು ನಾನೇ. ಈಗ ನಿಲ್ಲಿಸಿದ್ದೇನೆ. ಆದರೂ ಅವಳಿಗೆ ಅವನ ಹೆಸರಲ್ಲಿ ಸಂದೇಶ ಬರುತ್ತಿದೆ. ಬೇರೆ ಯಾರೋ ನುಗ್ಗಿದ್ದಾರೆ, ಮುಚ್ಚಿಬಿಡಮ್ಮ. ಅವಳು ನಂಬಿ ಕಾಯುತ್ತಿದ್ದಾಳೆ.”

“ಸೋಮವಾರವೇ ಪ್ಯಾಚ್ ಹಾಕಿ ಆ ಬಿರುಕು ಮುಚ್ಚಿದೆವು, ಸರ್. ಇನ್ನು ಇರುವೆಯೂ ನುಸುಳದು.”

“ಇವತ್ತೂ ಬಂತಲ್ಲ!”

“ಏನಂತ?”

“‘ರಾತ್ರಿ ಊಟಕ್ಕೆ ಬರ್ತೀನಮ್ಮ’ ಅಂತ.”

ಆಕೆ ಮತ್ತೊಮ್ಮೆ ಪರೀಕ್ಷಿಸಿದಳು. “ಹೊರಗಿನವರು ಯಾರೂ ಬಂದಿಲ್ಲ, ಸರ್.”

“ಹಾಗಾದರೆ ಅವನ ತಟ್ಟೆಯನ್ನೂ ಇಡಬೇಕು,” ಎಂದು ಅವರು ಹೊರಟರು. ಬೆನ್ನ ಹಿಂದೆ ಬಾಗಿಲು ಮುಚ್ಚಿಕೊಂಡಿತು.